ಕಾರ್ ತಗ್ಗಿಸಿದ ಮೇಲೆ ಕ್ಯಾಂಬರ್ ಪ್ಲೇಟ್, ಹಿಂದಿನ ಆರ್ಮ್, ಬಂಪ್ ಸ್ಟಿಯರ್ ಕಿಟ್: ಯಾವುದು ಬೇಕು, ಯಾವುದು ಯಾವುದಕ್ಕೆ ಹೊಂದುತ್ತದೆ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು. ಕಾರು ಟೊಯೋಟಾ 86. ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಡ್ಯಾಂಪರ್ ಜೋಡಿ) ಹಾಕಿ 30 ಮಿ.ಮೀ. ತಗ್ಗಿಸಿದ್ದೀರಿ. ದಿನಾ ಓಡಿಸುತ್ತೀರಿ, ಆಗಾಗ ಟ್ರ್ಯಾಕ್‌ಗೂ ಹೋಗುತ್ತೀರಿ. ಹಿಂದಿನ ಟೈರುಗಳ ಒಳಅಂಚು ಬೇಗ ಸವೆಯುತ್ತಿದೆ. ಅದಕ್ಕೆ ಕ್ಯಾಂಬರ್ ಪ್ಲೇಟ್, ಕ್ಯಾಂಬರ್ ಬೋಲ್ಟ್, ಹಿಂದಿನ ಲೋವರ್ ಆರ್ಮ್, ಟೋ ಆರ್ಮ್, ಬಂಪ್ ಸ್ಟಿಯರ್ ಕಿಟ್ ಎಲ್ಲವನ್ನೂ ಒಟ್ಟಿಗೇ ತರಿಸಬೇಕು ಅಂತಿದ್ದೀರಿ. ಕ್ಯಾಂಬರ್ ಅಂದರೆ ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ; ತಲೆ ಒಳಗೆ ವಾಲಿದ್ದರೆ ನೆಗೆಟಿವ್ (ಮೈನಸ್). ಟೋ ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಗೆ (ಟೋ ಇನ್) ಅಥವಾ ಹೊರಗೆ (ಟೋ ಔಟ್) ತಿರುಗಿರುವುದು. ಬಂಪ್ ಸ್ಟಿಯರ್ ಅಂದರೆ ಉಬ್ಬು ಹತ್ತಿದಾಗ ಚಕ್ರ ತಾನಾಗಿ ತಿರುಗುವುದು.

ದಯವಿಟ್ಟು ಇನ್ನೂ ತರಿಸಬೇಡಿ. ಮೊದಲು ಕಾರಿನ ಎತ್ತರವನ್ನು ಒಂದು ಕಡೆ ನಿಲ್ಲಿಸಿ, ಅದೇ ಎತ್ತರದಲ್ಲಿ ಅಲೈನ್‌ಮೆಂಟ್ ಅಳತೆ ಮಾಡಿಸಿ. ಸರಿಪಡಿಸುವುದು ಬೇಡ, ಸುಮ್ನೆ ಅಳತೆ ಸಾಕು. ನಾಲ್ಕೂ ಚಕ್ರದ ಕ್ಯಾಂಬರ್, ಟೋ, ಮುಂದಿನ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟಿಯರಿಂಗ್ ಅಕ್ಷದ ಓರೆ) ಇರುವ ಚೀಟಿ ಕೈಯಲ್ಲಿರಲಿ. ಯಾವ ಸಂಖ್ಯೆ ಬೇಕು, ಯಾವುದು ಸಿಗುತ್ತಿಲ್ಲ ಅನ್ನೋದು ಗೊತ್ತಾದ ಮೇಲೆ, ಆ ಸಂಖ್ಯೆಯನ್ನು ಕೊಡುವ ಭಾಗವನ್ನು ಮಾತ್ರ ಕೊಳ್ಳಿ.

ಒಳಅಂಚು ಸವೆದರೆ ಎಲ್ಲರೂ ಕ್ಯಾಂಬರನ್ನೇ ದೂರುತ್ತಾರೆ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ತಪ್ಪು ಟೋದ್ದು. ಒಂದು ಲೆಕ್ಕ ನೋಡಿ. ಒಂದು ಚಕ್ರ ಬರೀ 1.5 ಮಿ.ಮೀ. ಟೋ ತಪ್ಪಿದೆ ಅಂದುಕೊಳ್ಳಿ, ಟೈರಿನ ವ್ಯಾಸ ಸುಮಾರು 600 ಮಿ.ಮೀ. ಅಂದರೆ 400ಕ್ಕೆ ಒಂದು ಪಾಲು ಓರೆ. ಒಂದು ಕಿಲೋಮೀಟರ್ ಓಡಿದರೆ ಆ ಟೈರು ಸುಮಾರು 2.5 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡ ಹಾಗೆ. ಅದರ ಮೇಲೆ ನೆಗೆಟಿವ್ ಕ್ಯಾಂಬರೂ ಇದ್ದರೆ ಆ ಉಜ್ಜಾಟವೆಲ್ಲ ಒಳಅಂಚಿಗೇ ಬೀಳುತ್ತದೆ. ಟೋ ಸರಿ ಇದ್ದು ಕ್ಯಾಂಬರ್ ಮೈನಸ್ 2 ಡಿಗ್ರಿ ಇದ್ದರೂ ಟೈರು ಸಾಕಷ್ಟು ದಿನ ಬಾಳುತ್ತದೆ.

86ರಲ್ಲಿ ಕಂಪನಿ ಕೊಟ್ಟ ಸ್ಥಿತಿಯಲ್ಲಿ ಹಿಂದೆ ಟೋ ಮಾತ್ರ ತಿರುಗಿಸಬಹುದು, ಕ್ಯಾಂಬರ್ ಆಗುವುದಿಲ್ಲ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಡ್ಯಾಂಪರ್ ಒಂದೇ ಕಂಬವಾಗಿ ಚಕ್ರವನ್ನು ಹಿಡಿಯುವುದು), ಹಿಂದೆ ಮಲ್ಟಿಲಿಂಕ್ (ಹಲವು ಆರ್ಮುಗಳು ಸೇರಿ ಹಿಡಿಯುವುದು). ಕಾರ್ ತಗ್ಗಿಸಿದಾಗ ಹಿಂದಿನ ಚಕ್ರಕ್ಕೆ ನೆಗೆಟಿವ್ ಕ್ಯಾಂಬರ್ ಚೆನ್ನಾಗಿಯೇ ಸೇರಿಕೊಳ್ಳುತ್ತದೆ, ಮುಂದಿನದಕ್ಕೆ ಅಷ್ಟು ಸೇರುವುದಿಲ್ಲ. ಹಾಗಾಗಿ ತಿರುವಿನಲ್ಲಿ ಹಿಂಭಾಗ ಗಟ್ಟಿ ಹಿಡಿಯುತ್ತದೆ, ಮೂತಿ ಹೊರಗೆ ಜಾರುತ್ತದೆ. ನಾನಾಗಿದ್ದರೆ ಮೊದಲ ದುಡ್ಡನ್ನು ಮುಂದಕ್ಕೇ ಹಾಕುತ್ತಿದ್ದೆ.

ಮುಂದೆ ಎರಡು ದಾರಿ ಇವೆ. ಕ್ಯಾಂಬರ್ ಬೋಲ್ಟ್ ಅಂದರೆ ಸ್ಟ್ರಟ್ಟು, ಚಕ್ರದ ಬೇರಿಂಗ್ ಹೊತ್ತಿರುವ ನಕಲ್‌ಗೆ ಸೇರುವ ಜಾಗದಲ್ಲಿ ಹಾಕುವ ಓರೆ ಬೋಲ್ಟು. ಅಗ್ಗ, ಕೆಲಸವೂ ಕಡಿಮೆ. ಆದರೆ ಮೂಲ ಬೋಲ್ಟಿಗಿಂತ ಅದರ ಮೈ ಸಣ್ಣ. ಜೊತೆಗೆ ಅದು ನಕಲನ್ನು ಸ್ಟ್ರಟ್ ಕಡೆಗೆ ವಾಲಿಸುತ್ತದೆ. ಟೈರಿನ ತಲೆ ಸ್ಟ್ರಟ್ಟಿಗೆ ಹತ್ತಿರ ಬರುತ್ತದೆ. ಅಗಲ ರಿಮ್ ಇದ್ದರೆ ಒಳಗೆ ತಾಗಬಹುದು. ಸ್ಟ್ರಟ್ಟಿನ ತಲೆಯಲ್ಲಿ ಕೂರುವ ಕ್ಯಾಂಬರ್ ಪ್ಲೇಟ್ ಹಾಕಿದರೆ ಇಡೀ ಸ್ಟ್ರಟ್ಟೇ ಮೇಲಿನಿಂದ ಒಳಗೆ ವಾಲುತ್ತದೆ. ಟೈರಿಗೂ ಸ್ಟ್ರಟ್ಟಿಗೂ ನಡುವಿನ ಜಾಗ ಹಾಗೇ ಉಳಿಯುತ್ತದೆ.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ನನ್ನ ಕಾಯಿಲೋವರಿನ ಕೆಳಗಿನ ಬ್ರಾಕೆಟ್ಟಿನಲ್ಲಿ ಕ್ಯಾಂಬರಿಗೆಂದೇ ಉದ್ದ ತೂತು ಇತ್ತು. ನಾನು ಅದನ್ನು ಗಮನಿಸದೆ ಅದೇ ತೂತಿಗೆ ಕ್ಯಾಂಬರ್ ಬೋಲ್ಟನ್ನೂ ಹಾಕಿದೆ. ಉದ್ದ ತೂತಿನಲ್ಲಿ ಓರೆ ಬೋಲ್ಟಿಗೆ ಆಸರೆಯೇ ಇರುವುದಿಲ್ಲ. ಒಂದು ಗುಂಡಿಗೆ ಚಕ್ರ ಬಿದ್ದ ಕೂಡಲೇ ಜಾರಿತು. ಸ್ಟಿಯರಿಂಗ್ ಸೊಟ್ಟಗಾಯಿತು, ಒಂದೇ ವಾರದಲ್ಲಿ ಟೈರಿನ ಅಂಚು ಗರಗಸದ ಹಲ್ಲಿನಂತಾಯಿತು. ಬೋಲ್ಟೂ ಸರಿಯಿತ್ತು, ಕಾಯಿಲೋವರೂ ಸರಿಯಿತ್ತು. ಎರಡೂ ನನ್ನ ಕಾರಿಗೆ ಹೊಂದುತ್ತವೆ ಅಂತಲೇ ಡಬ್ಬಿಯ ಮೇಲೆ ಬರೆದಿತ್ತು. ಒಂದಕ್ಕೊಂದು ಹೊಂದುತ್ತವೆಯೇ ಅನ್ನೋದನ್ನು ಯಾವ ಡಬ್ಬಿಯೂ ಹೇಳುವುದಿಲ್ಲ ಅಲ್ವಾ? ಅದನ್ನು ನಾವೇ ನೋಡಬೇಕು.

ಆದ್ದರಿಂದ ಪ್ಲೇಟ್ ಕೊಳ್ಳುವ ಮುಂಚೆ ನಿಮ್ಮ ಕಾಯಿಲೋವರನ್ನು ಅಳೆಯಿರಿ. ಅದರ ಜೊತೆಗೇ ಪ್ಲೇಟ್ ಬಂದಿದೆಯಾ ಅಂತ ಬಾನೆಟ್ ಎತ್ತಿ ನೋಡಿ. ಬಹಳ ಸೆಟ್ಟುಗಳಲ್ಲಿ ಬಂದಿರುತ್ತದೆ, ಇನ್ನೊಂದು ಬೇಕಾಗುವುದಿಲ್ಲ. ಇಲ್ಲದಿದ್ದರೆ ಡ್ಯಾಂಪರ್ ರಾಡಿನ ತುದಿಯ ದಪ್ಪ, ಸ್ಪ್ರಿಂಗಿನ ಒಳವ್ಯಾಸ ಎರಡನ್ನೂ ಬರೆದುಕೊಳ್ಳಿ. ಕಾಯಿಲೋವರ್ ಸ್ಪ್ರಿಂಗುಗಳು ಸಾಮಾನ್ಯವಾಗಿ 60 ಅಥವಾ 65 ಮಿ.ಮೀ. ಇರುತ್ತವೆ. ಕಂಪನಿ ಸ್ಪ್ರಿಂಗ್ ಇದಕ್ಕಿಂತ ತುಂಬಾ ಅಗಲ. ಅದಕ್ಕೆಂದು ಮಾಡಿದ ಪ್ಲೇಟಿನ ಕೆಳಗೆ ಸಣ್ಣ ಸ್ಪ್ರಿಂಗ್ ಸರಿಯಾಗಿ ಕೂರುವುದಿಲ್ಲ. ಅಗಲ ಸ್ಪ್ರಿಂಗನ್ನು ತೀರಾ ಒಳಗೆ ತಳ್ಳಿದರೆ ಸ್ಟ್ರಟ್ ಟವರಿನ ಗೋಡೆಗೆ ಉಜ್ಜುತ್ತದೆ. ಪ್ಲೇಟಿನ ದಪ್ಪದಿಂದ ಕಾರಿನ ಎತ್ತರವೂ ಬದಲಾಗುತ್ತದೆ, ಅದನ್ನು ಮತ್ತೆ ಸರಿಮಾಡಬೇಕು.

ಹಿಂದಿನದಕ್ಕೆ ಬರೋಣ. ಚೀಟಿಯಲ್ಲಿ ಹಿಂದಿನ ಕ್ಯಾಂಬರ್ ಮೈನಸ್ 2 ದಾಟಿದ್ದರೆ, ಅಥವಾ ಎಡಕ್ಕೂ ಬಲಕ್ಕೂ ಎದ್ದು ಕಾಣುವಷ್ಟು ವ್ಯತ್ಯಾಸ ಇದ್ದರೆ ಮಾತ್ರ ಹೊಂದಿಸಬಹುದಾದ ಲೋವರ್ ಆರ್ಮ್ ತನ್ನಿ. ಆರ್ಮಿನಲ್ಲಿ ಸ್ಟೆಬಿಲೈಸರ್ (ಕಾರು ವಾಲುವುದನ್ನು ತಡೆಯುವ ಸರಳು) ಲಿಂಕ್ ಸೇರುವ ಜಾಗ ಇದೆಯಾ ನೋಡಿ. ಆರ್ಮಿನ ಉದ್ದ ಬದಲಾಯಿಸಿದರೆ ಟೋ ಕೂಡ ಬದಲಾಗುತ್ತದೆ. ಕಂಪನಿಯ ಟೋ ಬೋಲ್ಟು ಕೊನೆವರೆಗೂ ತಿರುಗಿ ಇನ್ನೂ ಸಾಲದಿದ್ದರೆ ಆಗ ಟೋ ಆರ್ಮ್. ಮೊದಲೇ ಬೇಡ.

ಬುಶ್ (ಆರ್ಮಿನ ತುದಿ ತಿರುಗುವ ಕೀಲಿನ ಒಳಪದರ) ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ದಿನಾ ಓಡಿಸುವ ಕಾರಿಗೆ ರಬ್ಬರ್ ಬುಶ್ ಇರುವ ಆರ್ಮೇ ಒಳ್ಳೆಯದು. ಸ್ಫೆರಿಕಲ್ ಬೇರಿಂಗ್ (ಲೋಹದ ಗುಂಡು ಕೀಲು) ಅಳತೆಯನ್ನು ಕದಲದಂತೆ ಹಿಡಿದಿಡುತ್ತದೆ ನಿಜ, ಆದರೆ ಧೂಳು ನೀರು ಹೊಕ್ಕರೆ ಬೇಗ ಸವೆದು ಟಕಟಕ ಅನ್ನುತ್ತದೆ. ಅದೇ ಬೇಕಿದ್ದರೆ ರಬ್ಬರ್ ಮುಚ್ಚಳ ಇರುವುದನ್ನೇ ಆರಿಸಿ. ಪಾಲಿಯುರೆಥೇನ್ ಒಂದೇ ದಿಕ್ಕಿಗೆ ತಿರುಗುವ ಜಾಗಕ್ಕೆ ಸರಿ. ಟ್ರೇಲಿಂಗ್ ಆರ್ಮ್ ಥರ ಹಲವು ದಿಕ್ಕಿಗೆ ತಿರುಚಿಕೊಳ್ಳುವ ಕಡೆ ಹಾಕಿದರೆ ಬಿಗಿಹಿಡಿದು ಸಸ್ಪೆನ್ಷನ್ ಸರಾಗವಾಗಿ ಆಡುವುದಿಲ್ಲ.

ಇನ್ನು ಬಂಪ್ ಸ್ಟಿಯರ್ ಕಿಟ್. ಕಾರ್ ನೆಲದ ಮೇಲೆ ನಿಂತಿರುವಾಗ ಮುಂದಿನ ಲೋವರ್ ಆರ್ಮ್ ನೋಡಿ. ಚಕ್ರದ ಕಡೆಯ ತುದಿ ಒಳಗಿನ ತುದಿಗಿಂತ ಮೇಲಿದ್ದರೆ ರೋಲ್ ಸೆಂಟರ್ (ತಿರುವಿನಲ್ಲಿ ಕಾರಿನ ಮೈ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ತುಂಬಾ ಕೆಳಗೆ ಹೋಗಿದೆ. ಕಾರು ಎಷ್ಟು ಇಳಿಯಿತೋ ಅದಕ್ಕಿಂತ ಜಾಸ್ತಿ ಅದು ಇಳಿದಿರುತ್ತದೆ. ಅದಕ್ಕೇ ತಗ್ಗಿಸಿದ ಕಾರು ಕೆಲವೊಮ್ಮೆ ತಿರುವಿನಲ್ಲಿ ಇನ್ನೂ ಜಾಸ್ತಿ ವಾಲಲು ನೋಡುತ್ತದೆ. ಉದ್ದ ಬಾಲ್ ಜಾಯಿಂಟ್ (ಆರ್ಮನ್ನು ನಕಲಿಗೆ ಸೇರಿಸುವ ಗುಂಡು ಕೀಲು) ಹಾಕಿ ಆರ್ಮನ್ನು ಮತ್ತೆ ಮಟ್ಟಕ್ಕೆ ತರಬಹುದು. ಆದರೆ ಬಾಲ್ ಜಾಯಿಂಟ್ ಇಳಿಸಿ ಟೈ ರಾಡನ್ನು (ಸ್ಟಿಯರಿಂಗಿನಿಂದ ಚಕ್ರಕ್ಕೆ ಹೋಗುವ ಸರಳು) ಹಾಗೇ ಬಿಟ್ಟರೆ ಎರಡರ ಕೋನ ಬೇರೆಬೇರೆಯಾಗುತ್ತದೆ. ಪ್ರತಿ ಉಬ್ಬಿಗೂ ಚಕ್ರ ತಾನಾಗಿ ತಿರುಗುತ್ತದೆ. ಉದ್ದ ಬಾಲ್ ಜಾಯಿಂಟ್, ಟೈ ರಾಡನ್ನು ಇಳಿಸುವ ಬಂಪ್ ಸ್ಟಿಯರ್ ಭಾಗ ಇವೆರಡನ್ನೂ ಜೋಡಿಯಾಗಿಯೇ ತರಬೇಕು. ರಿಮ್ಮಿನ ಒಳಗೆ ಜಾಗ ಇದೆಯಾ ಅಂತಲೂ ಅಳೆಯಿರಿ. ಆರ್ಮ್ ಇನ್ನೂ ಮಟ್ಟವಾಗಿದ್ದರೆ ಈ ಕಿಟ್ಟನ್ನು ಸದ್ಯಕ್ಕೆ ಮರೆತುಬಿಡಿ.

ನಿಮ್ಮ ಬಳಕೆಗೆ ನಾನು ಮುಂದೆ ಮೈನಸ್ 2 ಡಿಗ್ರಿ, ಟೋ ಸೊನ್ನೆ, ಹಿಂದೆ (ಹೊಂದಿಸುವ ಆರ್ಮ್ ಹಾಕಿದ್ದರೆ) ಮೈನಸ್ 1.5, ಸ್ವಲ್ಪ ಟೋ ಇನ್ ಇಟ್ಟು ಶುರು ಮಾಡುತ್ತೇನೆ. ಹಿಂದೆ ಟೋ ಔಟ್ ಮಾತ್ರ ಖಂಡಿತ ಬೇಡ. ಬ್ರೇಕ್ ಹಾಕಿದಾಗ ಹಿಂಭಾಗ ತಿರುಗಿ ಬರಬಹುದು.

ಜೋಡಿಸುವಾಗ ಬಹಳ ಜನ ತಪ್ಪುವ ಕೆಲಸ ಒಂದಿದೆ. ರಬ್ಬರ್ ಬುಶ್ ಇರುವ ಆರ್ಮಿನ ಬೋಲ್ಟುಗಳನ್ನು ಚಕ್ರ ನೇತಾಡುತ್ತಿರುವಾಗ ಬಿಗಿ ಮಾಡಬೇಡಿ. ಕಾರಿನ ಭಾರ ಚಕ್ರದ ಮೇಲೆ ಕೂತಿರಬೇಕು. ಇಲ್ಲದಿದ್ದರೆ ರಬ್ಬರು ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅಲೈನ್‌ಮೆಂಟ್ ಮಾಡಿಸುವಾಗ ಚಾಲಕನ ಸೀಟಿನಲ್ಲಿ ನಿಮ್ಮಷ್ಟೇ ತೂಕ ಇಡಿ. ಮುಗಿದ ಮೇಲೆ ಸ್ಟಿಯರಿಂಗ್ ಆಂಗಲ್ ಸೆನ್ಸರನ್ನು ಸೊನ್ನೆಗೆ ತರಿಸಿ. ಹೊಂದಿಸಿದ ಪ್ರತಿ ಬೋಲ್ಟಿಗೂ ಬಣ್ಣದಿಂದ ಒಂದು ಗೆರೆ ಎಳೆಯಿರಿ. 500 ಕಿಲೋಮೀಟರ್ ಓಡಿಸಿದ ಮೇಲೆ ಕೆಳಗೆ ಬಗ್ಗಿ, ಗೆರೆಗಳು ಇನ್ನೂ ಒಂದೇ ಸಾಲಿನಲ್ಲಿವೆಯಾ ನೋಡಿ.