ಲೇಬಲ್ ಇಲ್ಲದ ಬಿಟಿ ಬದನೆ ಬೀಜ ಹಾಕಬಹುದಾ ಎಂದು ಕೇಳಿದವರಿಗೆ

ಜಗಳೂರಿನ ಅಣ್ಣ, ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಾದಾಗ ಓದಿ. ನೀವು ಕೇಳಿದ್ದು ಎರಡು ವಿಷಯ. ಸಂತೆಯಲ್ಲಿ ಯಾರೋ ಲೇಬಲ್ ಇಲ್ಲದ ಪೊಟ್ಟಣ ತೋರಿಸಿ "ಬಾಂಗ್ಲಾದ ಬಿಟಿ ಬದನೆ, ಔಷಧಿ ಹೊಡೆಯೋದೇ ಬೇಡ" ಎಂದಿದ್ದಾರೆ, ಹಾಕಬಹುದಾ? ಇನ್ನೊಂದು, ಮಗಳು ಗಡ್ಡೆ ಎದ್ದ ಇಲಿಗಳ ಫೋಟೊ ತೋರಿಸಿ "ಕುಲಾಂತರಿ ತಿಂದರೆ ಕ್ಯಾನ್ಸರ್" ಎನ್ನುತ್ತಿದ್ದಾಳೆ, ನಿಜವಾ?

ಪೊಟ್ಟಣದ ವಿಷಯ ಮೊದಲು. ಹಾಕಬೇಡಿ.

ಬಿಟಿ ಎಂದರೆ ಮಣ್ಣಿನ ಒಂದು ಬ್ಯಾಕ್ಟೀರಿಯಾ. ಹುಳು ಕೊಲ್ಲುವ ಪ್ರೋಟೀನ್ ಮಾಡುವ ಅದರ ಜೀನನ್ನು ಗಿಡಕ್ಕೆ ಸೇರಿಸಿದರೆ ಅದು ಬಿಟಿ ಬೆಳೆ. ಹೀಗೆ ಬೇರೆ ಜೀವಿಯ ಜೀನ್ ಸೇರಿಸಿದ ಬೆಳೆಯನ್ನೇ ಕುಲಾಂತರಿ ಎನ್ನುವುದು. ಬಿಟಿ ಬದನೆಗೆ, ಇಂಥ ಬೆಳೆಗಳನ್ನು ಪರಿಶೀಲಿಸುವ ಕೇಂದ್ರದ ಸಮಿತಿ ಜಿಇಎಸಿ, 2009ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತ್ತು. ಆಗ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಹಲವು ಊರುಗಳಲ್ಲಿ ಜನರ ಅಭಿಪ್ರಾಯ ಕೇಳಿ, 2010ರ ಫೆಬ್ರವರಿಯಲ್ಲಿ ತಡೆ ಹಾಕಿದರು. ಆ ತಡೆ ಹಾಗೇ ಇದೆ. ಬಾಂಗ್ಲಾದೇಶ 2013ರಲ್ಲಿ ಒಪ್ಪಿ, ಮರುವರ್ಷದಿಂದ ರೈತರಿಗೆ ಕೊಟ್ಟಿದ್ದು ನಿಜ. ಅಲ್ಲಿ ಕಾಯಿಕೊರಕಕ್ಕೆ ಹೊಡೆಯುವ ಔಷಧಿ ಕಡಿಮೆಯೂ ಆಗಿದೆ. ಅದು ಹೈಬ್ರಿಡ್ ಅಲ್ಲ, ತಳಿ. ಹಾಗಾಗಿ ರೈತರು ಬೀಜ ಎತ್ತಿಟ್ಟುಕೊಳ್ಳಬಹುದು. ಆದರೆ ನಿಮ್ಮ ಕೈಗೆ ಬಂದ ಪೊಟ್ಟಣದಲ್ಲಿ ಅದೇ ಇದೆ ಎನ್ನುವುದಕ್ಕೆ ಏನು ಆಧಾರ? 2019ರಲ್ಲಿ ಹರಿಯಾಣದ ಫತೇಹಾಬಾದ್‌ನಲ್ಲಿ ಹೀಗೇ ಕದ್ದುಮುಚ್ಚಿ ಬಂದ ಬಿಟಿ ಬದನೆ ಸಿಕ್ಕಿತು. ಪರೀಕ್ಷೆಯಲ್ಲಿ ಬಿಟಿ ಎಂದು ಖಚಿತವಾದ ಮೇಲೆ ಬೆಳೆ ಕಿತ್ತು ನಾಶ ಮಾಡಿದರು. ಬೀಜ ಮಾರಿದವನು ಇಂಥ ಹೊತ್ತಿನಲ್ಲಿ ಎಲ್ಲಿರುತ್ತಾನೆ ಹೇಳಿ? ಬಿಲ್ ಇಲ್ಲ, ಲಾಟ್ ನಂಬರ್ ಇಲ್ಲ. ಮೊಳಕೆ ಬರದಿದ್ದರೂ ರೈತ ಸಂಪರ್ಕ ಕೇಂದ್ರದಲ್ಲಿ ದೂರು ಕೊಡಲು ನಿಮ್ಮ ಹತ್ತಿರ ಒಂದು ಚೀಟಿ ಇರುವುದಿಲ್ಲ.

ಈಗ ಮಗಳ ಫೋಟೊ. ಅದು 2012ರ ಫ್ರಾನ್ಸಿನ ಒಂದು ಅಧ್ಯಯನದ್ದು. ಕುಲಾಂತರಿ ಮೆಕ್ಕೆಜೋಳ ತಿನ್ನಿಸಿದ ಇಲಿಗಳಿಗೆ ಗಡ್ಡೆ ಬಂತು ಎಂದರು. ಆದರೆ ಆ ಜಾತಿಯ ಇಲಿಗೆ ವಯಸ್ಸಾದಂತೆ ತಾನಾಗೇ ಗಡ್ಡೆ ಬರುವುದು ಜಾಸ್ತಿ, ಒಂದೊಂದು ಗುಂಪಿನಲ್ಲಿ ಇದ್ದದ್ದೂ ಹತ್ತೇ ಇಲಿ. ಪ್ರಕಟಿಸಿದ ಪತ್ರಿಕೆಯೇ 2013ರಲ್ಲಿ ಲೇಖನ ಹಿಂದೆ ತೆಗೆದುಕೊಂಡಿತು. ಅದೇ ತಂಡ ಮರುವರ್ಷ ಬೇರೆ ಪತ್ರಿಕೆಯಲ್ಲಿ ಹಾಕಿಸಿತು, ಅದು ಬೇರೆ ಕಥೆ. ಅಮೆರಿಕದಲ್ಲಿ 1996ರಿಂದ ಕುಲಾಂತರಿ ಸೋಯಾ ಬೆಳೆಯುತ್ತಿದ್ದಾರೆ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2016ರಲ್ಲಿ ಎಲ್ಲ ಮಾಹಿತಿ ಜಾಲಾಡಿ, ಮಾಮೂಲಿ ಬೆಳೆಗಿಂತ ಇದನ್ನು ತಿಂದವರಿಗೆ ಹೆಚ್ಚು ತೊಂದರೆ ಆದ ಪುರಾವೆ ಸಿಗಲಿಲ್ಲ ಎಂದವು. ಬಿಟಿ ಪ್ರೋಟೀನ್ ಕೆಲಸ ಮಾಡುವುದು ಹುಳುವಿನ ಹೊಟ್ಟೆಯಲ್ಲಿ. ಅಲ್ಲಿ ಕ್ಷಾರ ಇರುತ್ತದೆ, ಅದು ಅಂಟಿಕೊಳ್ಳುವ ಜಾಗವೂ ಇರುತ್ತದೆ. ನಮ್ಮ ಹೊಟ್ಟೆಯಲ್ಲಿರುವುದು ಆಮ್ಲ, ಆ ಜಾಗವೂ ಇಲ್ಲ. ಸಾವಯವದವರು ಸಿಂಪಡಿಸುವ ಬಿಟಿ ಪುಡಿಯಲ್ಲೂ ಇರುವುದು ಇದೇ ಜಾತಿಯ ಪ್ರೋಟೀನ್.

ಹಾಗಂತ ಎಲ್ಲ ಜೀನೂ ಸುರಕ್ಷಿತ ಎಂದು ಯಾರೂ ಬರೆದುಕೊಡಲು ಆಗುವುದಿಲ್ಲ. ಬ್ರೆಜಿಲ್ ನಟ್ ಎಂಬ ಕಾಯಿಯ ಜೀನ್ ಸೋಯಾಗೆ ಹಾಕಿದಾಗ ಅಲರ್ಜಿಯೂ ಜೊತೆಗೇ ಬಂತು. ಮಾರುಕಟ್ಟೆಗೆ ಬರುವ ಮೊದಲೇ ಪರೀಕ್ಷೆಯಲ್ಲಿ ಗೊತ್ತಾಗಿ ಕೈಬಿಟ್ಟರು. ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಲೇಬೇಕು ಎನ್ನುವುದು ಇದಕ್ಕೇ. ಸಂತೆಯ ಪೊಟ್ಟಣಕ್ಕೆ ಅಂಥ ಪರೀಕ್ಷೆ ಯಾರು ಮಾಡಿದ್ದಾರೆ?

ಗುಂಪಿನಲ್ಲಿ ಇನ್ನೊಬ್ಬರು "ಈಗ ತಿನ್ನೋದೆಲ್ಲಾ ಕುಲಾಂತರಿನೇ" ಎಂದು ಬರೆದಿದ್ದಾರೆ. ಅದು ತಪ್ಪು. ರೆಡ್ ಲೇಡಿ ಪಪ್ಪಾಯಿ, ಬೀಜವಿಲ್ಲದ ಕಲ್ಲಂಗಡಿ, ಹೈಬ್ರಿಡ್ ಟೊಮ್ಯಾಟೊ, ನಮ್ಮ ದಾವಣಗೆರೆ ಸೀಮೆಯಲ್ಲಿ ಎಲ್ಲಿ ನೋಡಿದರೂ ಕಾಣುವ ಮೆಕ್ಕೆಜೋಳ, ಇವು ಯಾವುವೂ ಕುಲಾಂತರಿ ಅಲ್ಲ. ಹೈಬ್ರಿಡ್ ಎಂದರೆ ಒಂದೇ ಬೆಳೆಯ ಎರಡು ಬೇರೆ ತಳಿಗಳನ್ನು ಪರಾಗ ಹಾಕಿ ಕೂಡಿಸುವುದು. ಪ್ರತಿ ವರ್ಷ ಬೀಜ ಕೊಳ್ಳಬೇಕಲ್ವಾ, ಅದಕ್ಕೇ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಬೆಳೆಯಲು ಬಿಟ್ಟಿರುವ ಕುಲಾಂತರಿ ಬೆಳೆ ಹತ್ತಿ ಒಂದೇ. ಸಾಸಿವೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು 2024ರಲ್ಲಿ ಬೇರೆಬೇರೆ ತೀರ್ಪು ಕೊಟ್ಟರು.

ಹಾಗಾದರೆ ನಾವು ತಿಂದೇ ಇಲ್ಲವಾ? ತಿಂದಿದ್ದೇವೆ, ಎಣ್ಣೆಯ ರೂಪದಲ್ಲಿ. ಹತ್ತಿಕಾಳಿನ ಎಣ್ಣೆ ಬೇರೆ ಎಣ್ಣೆಗಳ ಜೊತೆ ಬೆರೆತು ಬರುತ್ತದೆ, ಅದರ ಹಿಂಡಿ ಎಮ್ಮೆಗೆ ಹೋಗುತ್ತದೆ. ಅರ್ಜೆಂಟೀನಾ, ಬ್ರೆಜಿಲ್‌ನಿಂದ ಬರುವ ಸೋಯಾ ಎಣ್ಣೆಯೂ ಹೆಚ್ಚುಕಡಿಮೆ ಕುಲಾಂತರಿ ಬೆಳೆಯದ್ದೇ. ಶುದ್ಧ ಮಾಡಿದ ಎಣ್ಣೆಯಲ್ಲಿ ಪ್ರೋಟೀನ್ ಉಳಿಯುವುದಿಲ್ಲ ಎನ್ನಬಹುದು, ಹೆದರಬೇಕಾಗಿಲ್ಲ. ಆದರೂ ಬೇಡ ಅನಿಸಿದರೆ ಚಳ್ಳಕೆರೆಯ ಗಾಣದ ಶೇಂಗಾ ಎಣ್ಣೆ ತನ್ನಿ. ಶೇಂಗಾದಲ್ಲಿ ಕುಲಾಂತರಿ ಬಂದಿಲ್ಲ. ಮಂಡಕ್ಕಿ ಒಗ್ಗರಣೆಗೂ ಅದೇ ರುಚಿ.

ನನ್ನ ತಕರಾರು ಇರುವುದು ತಟ್ಟೆಯ ಬಗ್ಗೆ ಅಲ್ಲ, ಹೊಲದ ಬಗ್ಗೆ. ಹತ್ತಿಯನ್ನೇ ನೋಡಿ. 2002ರಲ್ಲಿ ಬಿಟಿ ಬಂದಾಗ ಹಸಿರು ಕಾಯಿಕೊರಕಕ್ಕೆ ವಾರ ವಾರ ಔಷಧಿ ಹೊಡೆಯುವ ಕಾಟ ತಪ್ಪಿತು. ಇದನ್ನು ಅಲ್ಲಗಳೆಯುವವರು ಆ ಕಾಲದಲ್ಲಿ ಪಂಪು ಹೊತ್ತವರಲ್ಲ. 2006ರಲ್ಲಿ ಎರಡು ಜೀನಿನದ್ದು ಬಂತು. ಅಷ್ಟರಲ್ಲೇ ಗುಲಾಬಿ ಕಾಯಿಕೊರಕ ಬಿಟಿಗೆ ಪಳಗಿತು, ಅಂದರೆ ಆ ವಿಷ ತಿಂದರೂ ಸಾಯದಂತಾಯಿತು. ಮೊದಲನೆಯದಕ್ಕೆ ಅದು ಬಗ್ಗುತ್ತಿಲ್ಲ ಎಂದು ಗುಜರಾತಿನಿಂದ 2010ರ ಹೊತ್ತಿಗೇ ವರದಿ ಬಂತು. ನಾಲ್ಕೈದು ವರ್ಷಕ್ಕೆ ಎರಡನೆಯದೂ ಸೋತಿತು.

ಯಾಕೆ ಹೀಗಾಯಿತು? ಗುಲಾಬಿ ಹುಳುವಿಗೆ ಹತ್ತಿ ಬಿಟ್ಟರೆ ಬೇರೆ ಊಟ ಇಲ್ಲ ಎನ್ನಬಹುದು. ಚೀಲದ ಜೊತೆ 120 ಗ್ರಾಂ ಬಿಟಿ ಅಲ್ಲದ ಬೀಜ ಕೊಡುತ್ತಿದ್ದರು. ಅದನ್ನು ಸುತ್ತ ಬಿತ್ತಿದರೆ ಪಳಗದ ಹುಳುಗಳೂ ಉಳಿದು, ಪಳಗಿದವುಗಳ ಜೊತೆ ಕೂಡುತ್ತವೆ. ಆಗ ಮರಿಗಳು ಬಿಟಿಗೆ ಸಾಯುತ್ತವೆ. ಆ ಪೊಟ್ಟಣ ಬಿತ್ತಿದವರು ಎಷ್ಟು ಜನ? ನೀರಿದ್ದವರು ಫೆಬ್ರವರಿ, ಮಾರ್ಚ್‌ವರೆಗೂ ಗಿಡ ಉಳಿಸಿದರು. ಹುಳುವಿಗೆ ಹೆಚ್ಚುಕಡಿಮೆ ವರ್ಷಪೂರ್ತಿ ಊಟ. ಮೇಲಾಗಿ ನಮ್ಮಲ್ಲಿ ಎಲ್ಲಾ ಹೈಬ್ರಿಡ್. ಹೈಬ್ರಿಡ್ ಗಿಡದ ಕಾಯಿಯೊಳಗಿನ ಕಾಳುಗಳಲ್ಲಿ ಕೆಲವಕ್ಕೆ ಬಿಟಿ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಹುಳು ಒಳಗೇ ಕೂತು ಚೂರುಚೂರೇ ವಿಷ ತಿಂದು ರೂಢಿ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆ ಪಾಠಶಾಲೆ ಬೇಕಾ? ಹಿರಿಯೂರು ಕಡೆಯ ಹತ್ತಿ ಬೆಳೆಗಾರರು ದಯವಿಟ್ಟು ಜನವರಿಯೊಳಗೆ ಗಿಡ ಕಿತ್ತುಬಿಡಿ.

ಮೆಕ್ಕೆಜೋಳಕ್ಕೂ ಬಿಟಿ ಬರಲಿ ಎಂದು ಕೆಲವರು ಕೇಳುತ್ತಿದ್ದಾರೆ. 2018ರಲ್ಲಿ ಶಿವಮೊಗ್ಗ ಕಡೆ ಮೊದಲು ಕಂಡ ಫಾಲ್ ಸೈನಿಕ ಹುಳು, ನಾವು ಕರೆಯುವ ಲದ್ದಿ ಹುಳು, ಸುಳಿ ತಿಂದು ಹಾಕುವುದನ್ನು ನೋಡಿದರೆ ಆಸೆ ಸಹಜ. ಆದರೆ ಇದೇ ಹುಳು ಪೋರ್ಟೊರಿಕೊದಲ್ಲಿ, ಬ್ರೆಜಿಲ್‌ನಲ್ಲಿ ಬಿಟಿ ಮೆಕ್ಕೆಜೋಳವನ್ನು ಕೆಲವೇ ವರ್ಷದಲ್ಲಿ ಅರಗಿಸಿಕೊಂಡಿತು. ಕಳೆನಾಶಕ ಹೊಡೆದರೂ ಸಾಯದ ಬೆಳೆ ಬಂದರೆ ಇನ್ನೊಂದು ತಲೆನೋವು. ಅಂಥ ಬೆಳೆಗೆ ಹೊಡೆಯುವ ಕಳೆನಾಶಕ ಗ್ಲೈಫೋಸೇಟ್ ಕ್ಯಾನ್ಸರ್ ತರುವ ಸಂಭವ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಹೇಳಿತು, ಅಮೆರಿಕದ ಪರಿಸರ ಸಂಸ್ಥೆ ಒಪ್ಪಲಿಲ್ಲ. ಜಗಳ ಮುಗಿದಿಲ್ಲ, ಅದನ್ನು ಹೊಲದಲ್ಲಿ ಹೊಡೆಯುವವರು ಮಾತ್ರ ನಾವು.

ಇನ್ನು ನಿಮ್ಮ ಬದನೆಗೆ ಬರೋಣ. ಬಿಲ್ ಸಮೇತ ಒಳ್ಳೆ ಬೀಜ ತನ್ನಿ. ಬಾಡಿ ಜೋತುಬಿದ್ದ ಕುಡಿಗಳನ್ನು ವಾರಕ್ಕೊಮ್ಮೆ ಕತ್ತರಿಸಿ ಸುಡಿ. ಬದುವಿನ ಮೇಲೆ ಎಸೆದರೆ ಪ್ರಯೋಜನವಿಲ್ಲ. ಹಳೆ ಬದನೆ ಗಿಡದ ರಾಶಿ ಹೊಲದ ಹತ್ತಿರ ಇದ್ದರೆ ಮೊದಲು ಅದಕ್ಕೆ ಬೆಂಕಿ ಹಾಕಿ, ಪತಂಗ ಹೊರಡುವುದೇ ಅಲ್ಲಿಂದ. ಕುಡಿ ಮತ್ತು ಕಾಯಿಕೊರಕದ ಲೂರ್ (ಗಂಡು ಪತಂಗವನ್ನು ವಾಸನೆಯಿಂದ ಸೆಳೆಯುವ ಬಿಲ್ಲೆ) ಇರುವ ಮೋಹಕ ಬಲೆಯನ್ನು 10 ಮೀಟರ್‌ಗೆ ಒಂದರಂತೆ ಕಟ್ಟಿ. ಬೇರೆ ಹುಳುವಿನ ಲೂರ್ ಕೊಟ್ಟರೆ ತರಬೇಡಿ, ಹೆಸರು ಓದಿ ತನ್ನಿ. ಬಿಟಿ ಪುಡಿ ಹೊಡೆಯುವುದಾದರೆ ಸಂಜೆ ಹೊಡೆಯಿರಿ, ಬಿಸಿಲಿಗೆ ಅದು ಬೇಗ ಕೆಡುತ್ತದೆ. ಹುಳು ಕಾಯಿಯೊಳಗೆ ಹೋದ ಮೇಲೆ ಏನು ಹೊಡೆದರೂ ಸುಮ್ನೆ ದುಡ್ಡು ದಂಡ.

ಎಷ್ಟು ಗುಂಟೆ, ನಾಟಿ ಯಾವಾಗ ಎಂದು ಇಲ್ಲೇ ಹಾಕಿ. ಬಲೆ ಎಷ್ಟು ಬೇಕು ಎಂದು ಲೆಕ್ಕ ಹಾಕಿ ಹೇಳುತ್ತೇನೆ. ಲೂರ್ ಬಗ್ಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೂ ಒಮ್ಮೆ ವಿಚಾರಿಸಿ.