ತಾಳೆಗರಿ ಕಟ್ಟನ್ನು ಹೊರದೇಶಕ್ಕೆ ಒಯ್ಯುವ ಕುರಿತು

ನಮಸ್ಕಾರ. ಅಜ್ಜನ ಕಾಲದ ತಾಳೆಗರಿ ಕಟ್ಟನ್ನು ಅಧ್ಯಯನಕ್ಕಾಗಿ ಜರ್ಮನಿಗೆ ಒಯ್ಯಲು ಪರವಾನಗಿ ಸಿಗುವುದೇ, ಅದರ ವಿವರಪಟ್ಟಿ ಹೇಗಿರಬೇಕು ಎಂದು ಕೇಳಿದ್ದೀರಿ. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ಇತರ ವಸ್ತುಗಳಿಗೆ 100 ವರ್ಷವಾಗಬೇಕಾದರೆ, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ ಹಸ್ತಪ್ರತಿಗೆ 75 ವರ್ಷ ತುಂಬಿದರೆ ಸಾಕು, ಅದು ಪುರಾತನ ವಸ್ತುವಾಗುತ್ತದೆ. ಅಂಥದನ್ನು ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆಯ ಹೊರತು ಖಾಸಗಿಯವರು ರಫ್ತು ಮಾಡುವಂತಿಲ್ಲ.

ಆದ್ದರಿಂದ ಮೊದಲು ಕಾಲನಿರ್ಣಯವಾಗಬೇಕು. ಕೊನೆಯ ಗರಿಯಲ್ಲಿ ಲಿಪಿಕಾರ ಬರೆದಿಟ್ಟ ಸಾಲುಗಳನ್ನು ನಿಧಾನವಾಗಿ ಓದಿ. ಬರೀ ‘ವಿಶ್ವಾವಸು ಸಂವತ್ಸರ’ ಎಂದಿದ್ದರೆ ಅದು 1905 ಆಗಿರಬಹುದು, 1965 ಕೂಡ ಆಗಿರಬಹುದು. ಜೊತೆಗೆ ಶಕವರ್ಷವಿದ್ದರೆ ಅನುಮಾನ ತೀರುತ್ತದೆ. ವಿವರಪಟ್ಟಿಯಲ್ಲಿ ಗರಿಗಳ ಸಂಖ್ಯೆ, ಉದ್ದಗಲ, ಪುಟಕ್ಕೆಷ್ಟು ಸಾಲು, ಲಿಪಿ, ಮೊದಲ ಮತ್ತು ಕೊನೆಯ ವಾಕ್ಯಗಳು, ಹುಳು ತಿಂದ ಜಾಗ ಎಲ್ಲವೂ ಇರಲಿ. ಕ್ರಮಸಂಖ್ಯೆಯನ್ನು ಮಾತ್ರ ಗರಿಯ ಮೇಲೆ ಪೆನ್ನಿನಿಂದ ಬರೆಯಬೇಡಿ, ದಾರಕ್ಕೆ ಚೀಟಿ ಕಟ್ಟಿ.

75 ತುಂಬಿಲ್ಲವೆನಿಸಿದರೆ, ಪುರಾತನ ವಸ್ತುವಲ್ಲವೆಂಬ ಪ್ರಮಾಣಪತ್ರಕ್ಕಾಗಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಛಾಯಾಚಿತ್ರ ಸಹಿತ ಅರ್ಜಿ ಸಲ್ಲಿಸಿ. ತುಂಬಿದ್ದರೆ, ದಯವಿಟ್ಟು ಕಟ್ಟನ್ನು ಇಲ್ಲಿಯೇ ಇರಿಸಿ, ಪ್ರತಿ ಗರಿಯ ಎರಡೂ ಮಗ್ಗುಲಿನ ಡಿಜಿಟಲ್ ಚಿತ್ರಗಳನ್ನು ಒಯ್ಯಿರಿ.