ಜಾತಕ ಕೂಡದ ಜಾಯ್‌ಸ್ಟಿಕ್

ಹಳೇ ಹೋಮ್ ಕಂಪ್ಯೂಟರ್‌ಗಳ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡುತ್ತೇನೆ. ಈ ಸಲ ಬಂದ ಪತ್ರಗಳಲ್ಲಿ ಅನಲಾಗ್ ಜಾಯ್‌ಸ್ಟಿಕ್‌ನದೇ (ಯಾವ ಕಡೆಗೆ ಅನ್ನುವುದಷ್ಟೇ ಅಲ್ಲ, ಎಷ್ಟು ವಾಲಿದೆ ಅಂತಲೂ ಹೇಳುವಂಥದ್ದು) ಗೋಳು. ಹಾಗಾಗಿ ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸರ್, ನನ್ನ ಹತ್ತಿರ ಬಿಬಿಸಿ ಮೈಕ್ರೋ ಇದೆ. ಅಟ್ಟದಲ್ಲಿ ಹಳೇ ಪಿಸಿಯ ಜಾಯ್‌ಸ್ಟಿಕ್ ಒಂದು ಸಿಕ್ಕಿತು. ಎರಡಕ್ಕೂ 15 ಪಿನ್. ಸಾಕೆಟ್‌ನಲ್ಲಿ ಸಲೀಸಾಗಿ ಕೂತಿದೆ. ಕಂಪ್ಯೂಟರ್ ಆನ್ ಮಾಡಬಹುದಾ?

ಮಾಡಬೇಡಿ. ಮೊದಲು ಅದನ್ನು ಕಿತ್ತು ಪಕ್ಕಕ್ಕಿಡಿ, ಆಮೇಲೆ ಮುಂದೆ ಓದಿ.

ನಾನು ಇದೇ ಕೆಲಸ ಮಾಡಿದವನು. ಸಾಕೆಟ್‌ಗೆ ಹೊಂದಿತು ಅಂದಮೇಲೆ ಕೆಲಸವೂ ಮಾಡುತ್ತದೆ ಅಂದುಕೊಂಡೆ. ಆನ್ ಮಾಡಿದೆ, ಏನೂ ಆಗಲಿಲ್ಲ. ಧೈರ್ಯ ಬಂತು. ಸ್ಟಿಕ್ಕನ್ನು ಎಡಕ್ಕೆ ಪೂರ್ತಿ ವಾಲಿಸಿದೆ ನೋಡಿ, ಪರದೆ ಕಪ್ಪಾಯಿತು. ಕೈಯಲ್ಲಿದ್ದ ಸ್ಟಿಕ್ಕಿನಿಂದ ಸುಟ್ಟ ವಾಸನೆ. ಕಂಪ್ಯೂಟರ್ ಬದುಕಿತು, ಅದು ನನ್ನ ಪುಣ್ಯ. ಜಾಯ್‌ಸ್ಟಿಕ್ ಬದುಕಲಿಲ್ಲ.

ಆಗಿದ್ದು ಇಷ್ಟು. ಎರಡು ಸಾಕೆಟ್‌ಗಳಲ್ಲೂ 1ನೇ ಪಿನ್ 5 ವೋಲ್ಟ್. ಪಿಸಿ ಜಾಯ್‌ಸ್ಟಿಕ್‌ನಲ್ಲಿ ಎಡ-ಬಲ ನೋಡಿಕೊಳ್ಳುವ ಪಾಟ್ (ತಿರುಗಿಸಿದಂತೆ ತಡೆ ಬದಲಾಗುವ ಪುಟ್ಟ ಭಾಗ) 1ನೇ ಪಿನ್‌ಗೂ 3ನೇ ಪಿನ್‌ಗೂ ನಡುವೆ ಇರುತ್ತದೆ. ಬಿಬಿಸಿಯಲ್ಲಿ ಆ 3ನೇ ಪಿನ್ ಗ್ರೌಂಡ್, ಅಂದರೆ ಸೊನ್ನೆ ವೋಲ್ಟ್! ಸ್ಟಿಕ್ ನಡುವೆ ಇದ್ದಾಗ ತಡೆ ಸಾಕಷ್ಟಿದೆ, ತೊಂದರೆ ಇಲ್ಲ. ಎಡಕ್ಕೆ ವಾಲಿಸಿದರೆ ತಡೆ ಸೊನ್ನೆಗೆ ಇಳಿಯುತ್ತದೆ. 5 ವೋಲ್ಟ್ ನೇರವಾಗಿ ಗ್ರೌಂಡ್‌ಗೆ ಹೋಗುತ್ತದೆ. ಪಾಟ್ ಒಳಗಿನ ಕಾರ್ಬನ್ ಪಟ್ಟಿ ಸುಡದೆ ಇನ್ನೇನು ಮಾಡೀತು?

ಪಿನ್ ಕ್ರಮ ಮಾತ್ರ ಅಲ್ಲ, ಇವೆರಡರ ಜಾತಿಯೇ ಬೇರೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕೆಳಗಿನ ಉತ್ತರಗಳಿಗೂ ಇದು ಬೇಕು.

ಕೆಲವು ಕಂಪ್ಯೂಟರ್‌ಗಳು ಹೊತ್ತು ಎಣಿಸುತ್ತವೆ. ನಲ್ಲಿ ಕೆಳಗೆ ಬಕೆಟ್ ಇಟ್ಟು, ತುಂಬಲು ಎಷ್ಟು ಹೊತ್ತಾಯಿತು ಅಂತ ನೋಡಿ, ನಲ್ಲಿ ಎಷ್ಟು ತಿರುಗಿದೆ ಅಂತ ಹೇಳಿದ ಹಾಗೆ. ಬಕೆಟ್ ಅಂದರೆ ಕೆಪಾಸಿಟರ್, ನಲ್ಲಿ ಅಂದರೆ ಪಾಟ್. 1977ರ ಆಪಲ್ 2, 1981ರ ಐಬಿಎಂ ಪಿಸಿಯ ಗೇಮ್ ಕಾರ್ಡ್, ಅಟಾರಿಯ 8 ಬಿಟ್ ಯಂತ್ರಗಳು, 1982ರ ಕಮೊಡೋರ್ 64 ಎಲ್ಲ ಈ ಕಡೆಯವು. ಪಿಸಿಯಲ್ಲಿ ಲೆಕ್ಕ ಸರಳ: ಮೊದಲಿಗೆ 24.2 ಮೈಕ್ರೋಸೆಕೆಂಡ್, ಆಮೇಲೆ ಪ್ರತಿ ಕಿಲೋಓಮ್‌ಗೆ (ತಡೆ ಅಳೆಯುವ ಮಾನ) 11 ಮೈಕ್ರೋಸೆಕೆಂಡ್. 100 ಕಿಲೋಓಮ್ ಆದರೆ ಹೆಚ್ಚುಕಡಿಮೆ 1.1 ಮಿಲಿಸೆಕೆಂಡ್.

ಇನ್ನು ಕೆಲವು ವೋಲ್ಟೇಜ್ ಅಳೆಯುತ್ತವೆ. ಬಿಬಿಸಿ ಮೈಕ್ರೋ, ಟ್ಯಾಂಡಿಯ ಕಲರ್ ಕಂಪ್ಯೂಟರ್, ಡ್ರ್ಯಾಗನ್ 32 ಈ ಕಡೆ. ಇವಕ್ಕೆ ಪಾಟ್‌ನ ಮೂರೂ ಕಾಲು ಬೇಕು: ಒಂದು ತುದಿ ವೋಲ್ಟೇಜ್‌ಗೆ, ಇನ್ನೊಂದು ಗ್ರೌಂಡ್‌ಗೆ, ನಡುವಿನದು ಅಳೆಯುವ ಕಡೆಗೆ. ಹೊತ್ತು ಎಣಿಸುವ ಯಂತ್ರಕ್ಕೆ ಎರಡೇ ಕಾಲು ಸಾಕು.

ನಿಮ್ಮ ಸ್ಟಿಕ್ ಬಿಬಿಸಿಗೇ ಬೇಕು ಅಂದರೆ ಒಳಗೆ ತಂತಿ ಬದಲಿಸಬೇಕು. ಎರಡೂ ಪಾಟ್‌ಗಳ ಒಂದು ತುದಿ 14ನೇ ಪಿನ್‌ಗೆ (ಇದು 5 ವೋಲ್ಟ್ ಅಲ್ಲ, ಅಳತೆಗೆಂದೇ ಇರುವ ಸುಮಾರು 1.8 ವೋಲ್ಟ್), ಇನ್ನೊಂದು ತುದಿ 8ಕ್ಕೆ. ಎಡ-ಬಲ ಪಾಟ್‌ನ ನಡುಕಾಲು 15ಕ್ಕೆ, ಮೇಲೆ-ಕೆಳಗೆ ಪಾಟ್‌ನದು 7ಕ್ಕೆ. ಗುಂಡಿ 13ಕ್ಕೂ 6ಕ್ಕೂ ನಡುವೆ. ಆಮೇಲೆ ಬೇಸಿಕ್‌ನಲ್ಲಿ (ಈ ಯಂತ್ರಗಳ ಪ್ರೋಗ್ರಾಂ ಭಾಷೆ) ಆಡ್‌ವಾಲ್(1) ಅಂತ ಕೇಳಿದರೆ 0ರಿಂದ 65520ರ ಒಳಗೆ ಒಂದು ಸಂಖ್ಯೆ ಬರುತ್ತದೆ. ಬಿಬಿಸಿಯಲ್ಲಿ ಎಡಕ್ಕೆ ಹೋದರೆ ಸಂಖ್ಯೆ ಏರಬೇಕು. ಉಲ್ಟಾ ಬಂದರೆ ಗಾಬರಿ ಬೇಡ, ಆ ಪಾಟ್‌ನ ಎರಡು ತುದಿಗಳನ್ನು ಅದಲುಬದಲು ಮಾಡಿ. ಸಂಖ್ಯೆಯ ಕೊನೆಯ ಅಂಕಿಗಳು ಸದಾ ನಡುಗುತ್ತಲೇ ಇರುತ್ತವೆ. 256ರಿಂದ ಭಾಗಿಸಿ ಬಳಸಿ.

ಕೆಲಸ ಮುಗಿದ ಮೇಲೆ ಸ್ಟಿಕ್ ಮೇಲೆ ‘ಬಿಬಿಸಿಗೆ ಮಾತ್ರ’ ಅಂತ ಚೀಟಿ ಅಂಟಿಸಿ. ನಾಳೆ ಮರೆಯುವವರು ನೀವೇ.

ಪ್ರಶ್ನೆ: ಆಪಲ್ 2ರಲ್ಲಿ ಚಿತ್ರ ಬರೆಯುವ ಪುಟ್ಟ ಪ್ರೋಗ್ರಾಂ ಮಾಡುತ್ತಿದ್ದೇನೆ. ಸ್ಟಿಕ್ಕನ್ನು ಅಡ್ಡಡ್ಡ ಅಲ್ಲಾಡಿಸಿದರೆ ಮೇಲೆ-ಕೆಳಗಿನ ಸಂಖ್ಯೆಯೂ ಬದಲಾಗುತ್ತದೆ. ಸ್ಟಿಕ್ ಹಾಳಾಗಿದೆಯಾ?

ಸ್ಟಿಕ್ ಚೆನ್ನಾಗಿದೆ, ನಿಮಗೆ ಆತುರ ಜಾಸ್ತಿ.

ಅಡ್ಡ ಸಂಖ್ಯೆ ಓದುವ ಪಿಡಿಎಲ್(0) ಆದ ಕೂಡಲೇ ಮೇಲೆ-ಕೆಳಗಿನದನ್ನು ಓದುವ ಪಿಡಿಎಲ್(1) ಬರೆದಿದ್ದೀರಿ, ಅಲ್ವಾ? ಆಪಲ್‌ನಲ್ಲಿ ನಾಲ್ಕು ಟೈಮರ್‌ಗಳಿವೆ, ಎಲ್ಲ 558 ಅನ್ನುವ ಒಂದೇ ಚಿಪ್ಪಿನಲ್ಲಿ. ಒಂದನ್ನು ಓದಲು ಹೊರಟರೆ ನಾಲ್ಕೂ ಒಟ್ಟಿಗೆ ಓಡಲು ಶುರು ಮಾಡುತ್ತವೆ. ಮೊದಲನೆಯದು ಬೇಗ ಮುಗಿದರೆ ಎರಡನೆಯದು ಇನ್ನೂ ಓಡುತ್ತಲೇ ಇರುತ್ತದೆ. ಆಗ ಅದನ್ನು ಓದಿದರೆ ಉಳಿದ ಓಟ ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಎರಡು ಓದುಗಳ ನಡುವೆ ಒಂದರಿಂದ ಹತ್ತಕ್ಕೆ ಎಣಿಸುವ ಖಾಲಿ ಫಾರ್-ನೆಕ್ಸ್ಟ್ ಹಾಕಿ. ಮೂರು ಮಿಲಿಸೆಕೆಂಡ್ ಬಿಡುವು ಸಾಕು, ಇದು ಅದಕ್ಕಿಂತ ಜಾಸ್ತಿಯೇ ಆಗುತ್ತದೆ.

ಅಂದಹಾಗೆ, ಈ ಯಂತ್ರಕ್ಕೆ ಪ್ಯಾಡಲ್ (ಸ್ಟಿಕ್ ಬದಲು ತಿರುಗಿಸುವ ನಾಬ್ ಇರುವಂಥದ್ದು) ಬಂದದ್ದೇ ಆಟದ ಹುಚ್ಚಿನಿಂದ. ಇಟ್ಟಿಗೆ ಒಡೆಯುವ ಬ್ರೇಕ್‌ಔಟ್ ಆಟವನ್ನು ಬೇಸಿಕ್‌ನಲ್ಲೇ ಬರೆಯಬೇಕು ಅನ್ನುವ ಆಸೆ ಆಪಲ್ 2 ರೂಪಿಸಿದ ಸ್ಟೀವ್ ವೋಜ್ನಿಯಾಕ್‌ಗೆ ಇತ್ತು.

ಪ್ರಶ್ನೆ: ಕಮೊಡೋರ್ 64ಕ್ಕೆ ಅಟಾರಿ ಪ್ಯಾಡಲ್ ಹಾಕಿದೆ. ನಾಬ್ ಅರ್ಧ ತಿರುಗಿಸುವಷ್ಟರಲ್ಲೇ ಬ್ಯಾಟ್ ಪರದೆಯ ಅಂಚು ಮುಟ್ಟುತ್ತದೆ. ಪ್ಯಾಡಲ್ ಓದಲು ಪೀಕ್(54297) ಕೊಟ್ಟರೆ ಸಂಖ್ಯೆ ಸುಮ್ನೆ ಕುಣಿಯುತ್ತದೆ.

ಎರಡು ಬೇರೆ ಬೇರೆ ಕಾಯಿಲೆ. ಅಟಾರಿ ಪ್ಯಾಡಲ್ 1 ಮೆಗಾಓಮ್. ಕಮೊಡೋರ್‌ನ ಸ್ವಂತ ಪ್ಯಾಡಲ್ 470 ಕಿಲೋಓಮ್. ಅರ್ಧಕ್ಕೇ ಅಳತೆಯ ಕೊನೆಯಾದ 255 ತಲುಪಿದರೆ ತಪ್ಪು ಯಾರದೂ ಅಲ್ಲ. ಆಡಲು ಅಡ್ಡಿಯಿಲ್ಲ, ಕೈ ಸ್ವಲ್ಪ ನಾಜೂಕಾಗಿರಲಿ.

ಕುಣಿತದ ಕಾರಣ ಕೀಬೋರ್ಡ್. ಪ್ಯಾಡಲ್ ಅಳೆಯುವುದು ಸಂಗೀತದ ಚಿಪ್ಪಾದ ಸಿಡ್. ಆದರೆ ಯಾವ ಪೋರ್ಟ್ ಅಳೆಯಬೇಕು ಅಂತ ಹೇಳುವ ತಂತಿಗಳನ್ನೇ ಕೀಬೋರ್ಡ್ ನೋಡುವುದಕ್ಕೂ ಬಳಸುತ್ತಾರೆ. ಸಿಡ್‌ಗೆ ಒಂದು ಅಳತೆಗೆ 512 ಸೈಕಲ್ (ಕಂಪ್ಯೂಟರ್ ಗಡಿಯಾರದ ಬಡಿತ) ಬೇಕು. ಅದರ ನಡುವೆ ಕೀಬೋರ್ಡ್ ಬಂದು ತಂತಿ ಎಳೆದರೆ ಅಳತೆ ಕೆಡುತ್ತದೆ. ಬೇಸಿಕ್‌ನಿಂದ ಇದಕ್ಕೆ ಸರಿಯಾದ ಮದ್ದಿಲ್ಲ. ಇಂಟರಪ್ಟ್ (ಕೀಬೋರ್ಡ್ ನೋಡಲು ನಡುವೆ ಬರುವ ಅಡ್ಡಿ) ನಿಲ್ಲಿಸಿ, ಪೋರ್ಟ್ ಆರಿಸಿ, 512 ಸೈಕಲ್ ಕಾದು ಓದುವ ಚಿಕ್ಕ ಮಷೀನ್ ಕೋಡ್ (ಚಿಪ್ಪಿನ ಸ್ವಂತ ಭಾಷೆಯ ಪ್ರೋಗ್ರಾಂ) ಬರೆಯಿರಿ. ಹತ್ತಿಪ್ಪತ್ತು ಸಾಲು, ಅಷ್ಟೇ.

ಪ್ರಶ್ನೆ: ಪಿಸಿ ಜಾಯ್‌ಸ್ಟಿಕ್‌ನ ಪಾಟ್ ಸವೆದು ಆಟದಲ್ಲಿ ವಿಮಾನ ನಡುಗುತ್ತಿತ್ತು. ಹೊಸ 100 ಕಿಲೋಓಮ್ ಪಾಟ್ ಬೆಸುಗೆ ಹಾಕಿದೆ. ಈಗ ನಡುಕ ಇಲ್ಲ, ಆದರೆ ವಿಮಾನ ತಿರುಗುವುದೇ ಇಲ್ಲ! ಎಲ್ಲಿ ತಪ್ಪಿದೆ?

ಒಳ್ಳೆಯ ಪ್ರಶ್ನೆ. ಇದರಲ್ಲಿ ನಾನೂ ಎರಡು ಸಂಜೆ ಕಳೆದಿದ್ದೇನೆ.

ನೀವು ಹಾಕಿದ್ದು ರೇಡಿಯೋ ವಾಲ್ಯೂಮ್‌ಗೆ ಹಾಕುವಂಥ ಪಾಟ್. ಅದರ 100 ಕಿಲೋಓಮ್ ಸುಮಾರು 300 ಡಿಗ್ರಿ ಸುತ್ತಿನಲ್ಲಿ ಹರಡಿರುತ್ತದೆ. ಸ್ಟಿಕ್ ಈ ಕೊನೆಯಿಂದ ಆ ಕೊನೆಗೆ ವಾಲುವುದು 60 ಡಿಗ್ರಿ ಅಂತಿಟ್ಟುಕೊಳ್ಳಿ. ಐದರಲ್ಲಿ ಒಂದು ಪಾಲು. ಅಂದರೆ ನಿಮಗೆ ಸಿಗುವುದು 20 ಕಿಲೋಓಮ್‌ನ ಬದಲಾವಣೆ ಮಾತ್ರ. ಜಾಯ್‌ಸ್ಟಿಕ್‌ಗೆಂದೇ ಮಾಡಿದ ಪಾಟ್‌ನಲ್ಲಿ ಆ ಚಿಕ್ಕ ತಿರುವಿನಲ್ಲೇ ಪೂರ್ತಿ ತಡೆ ಅಡಗಿರುತ್ತದೆ. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ಪರಿಹಾರ: 500 ಕಿಲೋಓಮ್ ಪಾಟ್ ಹಾಕಿ. ಅದರ ಐದನೇ ಒಂದು ಪಾಲು 100 ಕಿಲೋಓಮ್. ಸ್ಟಿಕ್ಕನ್ನು ತಡೆ ಕಡಿಮೆಯಾಗುವ ಕಡೆಗೆ ಪೂರ್ತಿ ವಾಲಿಸಿ ಹಿಡಿದು, ಪಾಟ್ ಸೊನ್ನೆಯ ಹತ್ತಿರ ಇರುವಂತೆ ದಂಡವನ್ನು ಬಿಗಿ ಮಾಡಿ. ಲೀನಿಯರ್ (ತಿರುಗಿಸಿದಷ್ಟೇ ಸಮವಾಗಿ ತಡೆ ಬದಲಾಗುವ) ಪಾಟ್ ಇರಬೇಕು. ಪಾಟ್ ಮೇಲೆ ಬರೆದಿರುವ ಅಕ್ಷರ ನಂಬಬೇಡಿ. ಒಂದು ಕಾಲದಲ್ಲಿ ‘ಎ’ ಅಂದರೆ ಲೀನಿಯರ್, ಈಗ ಸಾಮಾನ್ಯವಾಗಿ ‘ಬಿ’. ನಡುವಿಗೆ ತಿರುಗಿಸಿ ಮಲ್ಟಿಮೀಟರ್ ಹಿಡಿಯಿರಿ. ಅರ್ಧ ತೋರಿಸಿದರೆ ಸರಿ.

ಈ ಉಪಾಯ ಹೊತ್ತು ಎಣಿಸುವ ಯಂತ್ರಗಳಿಗೆ ಮಾತ್ರ. ಬಿಬಿಸಿ, ಕಲರ್ ಕಂಪ್ಯೂಟರ್‌ಗೆ ಎಷ್ಟು ದೊಡ್ಡ ಪಾಟ್ ಹಾಕಿದರೂ ಐದನೇ ಒಂದು ಪಾಲು ಐದನೇ ಒಂದು ಪಾಲೇ. ಅವಕ್ಕೆ ಓಮ್ ಬೇಡ, ಅನುಪಾತ ಬೇಕು.

ನಿಮ್ಮ ಹಳೇ ಪಾಟ್ ಎಸೆದಿಲ್ಲ ತಾನೇ? ನನ್ನ ಅನುಭವದಲ್ಲಿ ಸವೆದಿದೆ ಅಂದುಕೊಂಡ ಎಷ್ಟೋ ಪಾಟ್‌ಗಳು ಬರೀ ಕೊಳೆಯಾಗಿರುತ್ತವೆ. ಕಾಲುಗಳ ಹತ್ತಿರದ ಸಂದಿಯಿಂದ ಎರಡು ಹನಿ ಕಾಂಟ್ಯಾಕ್ಟ್ ಕ್ಲೀನರ್ ಬಿಡಿ. ಮೂವತ್ತು ನಲವತ್ತು ಸಲ ಆಚೀಚೆ ತಿರುಗಿಸಿ, ಒಂದು ಗಂಟೆ ಒಣಗಲು ಬಿಡಿ. ಮೀಟರ್ ಹಿಡಿದು ನಿಧಾನ ತಿರುಗಿಸಿದಾಗ ಸಂಖ್ಯೆ ಜಿಗಿಯದೆ ಏರಿದರೆ ಅದನ್ನೇ ವಾಪಸ್ ಹಾಕಿ. ಹೊಲಿಗೆ ಮಷೀನ್ ಎಣ್ಣೆ ಮಾತ್ರ ಬೇಡ, ಧೂಳು ಹಿಡಿದು ಅಂಟಾಗುತ್ತದೆ.

ಪ್ರಶ್ನೆ: ಕಲರ್ ಕಂಪ್ಯೂಟರ್‌ನಲ್ಲಿ ಗೋಡೆ-ಸಂದಿ ಸುತ್ತಾಡುವ ಆಟ ಆಡುವಾಗ ಸ್ಟಿಕ್ ಮಾತೇ ಕೇಳುವುದಿಲ್ಲ. ಯಾವ ಅನಲಾಗ್ ಸ್ಟಿಕ್ ಒಳ್ಳೆಯದು?

ಯಾವುದೂ ಅಲ್ಲ. ಆ ಆಟಕ್ಕೆ ನಾಲ್ಕೇ ದಿಕ್ಕು ಸಾಕು, ನಿಮ್ಮ ಯಂತ್ರ 0ರಿಂದ 63ರವರೆಗೆ ಅಳೆಯುತ್ತಾ ಕೂತಿದೆ. ಬಾಣದ ಕೀಲಿಗಳಲ್ಲಿ ಆಡಿ ನೋಡಿ. ಆಟ ಕೀಲಿ ಒಪ್ಪದಿದ್ದರೆ ನಾಲ್ಕು ಸ್ವಿಚ್ಚು, ಕೆಲವು ರೆಸಿಸ್ಟರ್ ಸೇರಿಸಿ ಒಂದು ಡಬ್ಬಿ ಮಾಡಿಕೊಳ್ಳಬಹುದು: ಏನೂ ಒತ್ತದಿದ್ದಾಗ ಅರ್ಧ ವೋಲ್ಟೇಜ್, ಒತ್ತಿದರೆ ಪೂರ್ತಿ ಅಥವಾ ಸೊನ್ನೆ. ಅದರ ಚಿತ್ರ ಕೇಳಿ ಇನ್ನೂ ಮೂವರು ಬರೆದಿದ್ದಾರೆ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.